ಅಗಸಿಬಾಯಿಯ ಅಂಗದಾನ

ನವರಾತ್ರಿ ಮುಗಿದಿತ್ತು. ಮಳೆ ಹೇಳದೆ ಕೇಳದೆ ಹೊರಟುಹೋಗಿ ಮುಂಬಯಿಗೆ ಅಕ್ಟೋಬರಿನ ಸೆಕೆ ಬಂದು ಕೂತಿತ್ತು. ಮಧ್ಯಾಹ್ನ ನಾಲ್ಕರ ಚಹಾದ ಹೊತ್ತು. ಚೆಂಬೂರಿನ ಕಾಲನಿಯೊಂದರ ಪುಟ್ಟ ಕನ್ನಡ ಸಂಘದ ಹಾಲಿನಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಈ ಆಸ್ಟ್ರೇಲಿಯಾದ ಉಸಾಬರಿ ಶುರುವಾಯಿತು.

ಮಲ್ಲವ್ವ ಆಗ ವೇದಿಕೆಯ ಮೂಲೆಯಲ್ಲಿ ಕೂತು ಪರದೆಯ ಹಗ್ಗಕ್ಕೆ ಮೇಣ ಸವರುತ್ತಿದ್ದಳು. ಸಂಘದಲ್ಲಿ ಅವಳ ಕೆಲಸ ಪರದೆ ಎಳೆಯುವುದು. ಬೈಲಹೊಂಗಲದ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ರಿಫೈನರಿಯಲ್ಲಿ ವೆಲ್ಡರ್ ಆಗಿದ್ದಾಗಿನಿಂದಲೂ ಎಳೆಯುತ್ತಿದ್ದಳು. ಗಂಡ ತೀರಿಕೊಂಡ, ಹಳೆಯ ಪರದೆ ಹರಿದು ಹೊಸದು ಬಂತು, ಆ ಹೊಸದೂ ಹಳತಾಯಿತು. ಮಲ್ಲವ್ವನ ತೋಳು ಮಾತ್ರ ಹಾಗೇ ಇತ್ತು. ಅವಳು ಒಂದು ಸಲ ಜಗ್ಗಿದರೆ ಪರದೆ ಒಂದು ತುದಿಯಿಂದ ಇನ್ನೊಂದು ತುದಿಗೆ ಲೋಕಲ್ ಟ್ರೇನಿನ ಹಾಗೆ ಹೋಗುತ್ತಿತ್ತು. ನಡುವೆ ಯಾರಾದರೂ ನಿಂತಿದ್ದರೆ ಅವರೂ ಹೋಗುತ್ತಿದ್ದರು.

ಅವಳಿಗೊಂದು ಆಸೆ ಇತ್ತು. ಒಂದೇ ಒಂದು. ಪರದೆಯ ಆ ಬದಿಗೆ ನಿಂತು, ದೀಪದ ಬೆಳಕಿನಲ್ಲಿ, ಅವ್ವ ಕಲಿಸಿದ ಬೀಸುವ ಪದವನ್ನು ಹಾಡಬೇಕು. ಮನೆಯಲ್ಲಿ ಹಾಡಿದರೆ ಮೇಲಿನ ಮನೆಯವರು ನೆಲ ಗುದ್ದುತ್ತಿದ್ದರು. ಸಂಘದ ಅಧ್ಯಕ್ಷೆ ಸರಸ್ವತಿಯವರನ್ನು ಪ್ರತಿ ವರ್ಷ ಕೇಳುತ್ತಿದ್ದಳು. ಸರಸ್ವತಿಯವರು ಮೈಸೂರಿನ ಕಡೆಯವರು, ಕೆಟ್ಟವರಲ್ಲ, ಆದರೆ ಅವರ ಕನ್ನಡಕ್ಕೆ ಇಸ್ತ್ರಿ ಹಾಕಿದಂತಿರುತ್ತಿತ್ತು. "ನಿಮ್ಮ ಧ್ವನಿ ಚೆನ್ನಾಗಿದೆ ಮಲ್ಲವ್ವ, ಅದು ಅಲ್ಲ. ಭಾಷೆ ಸ್ವಲ್ಪ... ಒರಟು. ಮುಂದಿನ ವರ್ಷ ನೋಡೋಣ" ಎನ್ನುತ್ತಿದ್ದರು. ಆ ಮುಂದಿನ ವರ್ಷ ಹಿಂದಿನ ಎಷ್ಟೋ ವರ್ಷಗಳಿಂದ ಬರುತ್ತಲೇ ಇತ್ತು.

ಆ ಮಧ್ಯಾಹ್ನ ರಾಜ್ಯೋತ್ಸವದ ನಾಟಕದ ಬಗ್ಗೆ ಸಭೆ. ಒಬ್ಬ ಮಹಾನ್ ಸಂಗೀತಗಾರ್ತಿಯ ಜೀವನವನ್ನು ಆಡಬೇಕೆಂದು ತೀರ್ಮಾನವಾಗಿತ್ತು. ಯಾರ ಜೀವನ ಎಂಬಲ್ಲಿ ಬಡಿದಾಟ. ಮೈಸೂರಿನವರು ಕರ್ನಾಟಕ ಸಂಗೀತದವರೇ ಆಗಬೇಕೆಂದರು. ಧಾರವಾಡದವರು ಹಿಂದೂಸ್ತಾನಿಯವರೇ ಆಗಬೇಕೆಂದರು.

"ನಿಮ್ಮವರು ಹಾಡಾಕ ಕುಂತ್ರ ತೊಡಿ ಬಡಕೊಂತಾರ್ರಿ, ಸೊಳ್ಳಿ ಹೊಡ್ಯಾಕತ್ತಾರೋ ಹಾಡಾಕತ್ತಾರೋ ತಿಳ್ಯಂಗಿಲ್ಲ" ಎಂದ ಪರಪ್ಪ. ಇವನು ಮಲ್ಲವ್ವನ ತಮ್ಮ, ಪರೇಲಿನ ಗಿರಣಿಯಲ್ಲಿದ್ದು ನಿವೃತ್ತನಾದವನು, ಸಂಘದ ಭಜನೆಗೆ ಪೇಟಿ ಬಾರಿಸುವವನು. ಹಾರ್ಮೋನಿಯಂ ಎನ್ನುವುದು ಅವನ ಬಾಯಿಗೆ ಉದ್ದವಾಗುತ್ತಿತ್ತು. ಪೇಟಿ ಎಂದೇ ಅನ್ನುತ್ತಿದ್ದ.

"ನಿಮ್ಮವರು 'ಆ' ಅಂತ ಬಾಯಿ ತೆಗೆದರೆ ಮುಚ್ಚೋ ಹೊತ್ತಿಗೆ ನಮ್ಮ ಕಾಫಿ ಆರಿಹೋಗುತ್ತೆ" ಎಂದರು ಸರಸ್ವತಿ.

ಮಾತು ಕುರ್ಚಿಯಿಂದ ಎದ್ದು ನಿಲ್ಲುವ ಮಟ್ಟಕ್ಕೆ ಹೋಯಿತು. ಆಗ ಸರಸ್ವತಿಯವರ ಫೋನು ಹೊಡೆದುಕೊಂಡಿತು. ಪುಣೆಯ ಕಾಲೇಜಿನಲ್ಲಿ ಪಾಶ್ಚಾತ್ಯ ಸಂಗೀತ ಓದುತ್ತಿದ್ದ ಮೊಮ್ಮಗಳು ಧಾತ್ರಿ. ಅಜ್ಜಿಯ ಮುಖ ಕಂಡದ್ದೇ, "ಕ್ಯಾ ಹುವಾ ಅಜ್ಜಿ? ಯಾರಿಗೆ ಗುಸ್ಸಾ ಮಾಡ್ತಿದೀಯಾ?" ಎಂದಳು. ವಿಷಯ ಕೇಳಿ ನಕ್ಕಳು. "ಅರೇ, ಸಿಂಪಲ್! ಯಾರ ಕಡೆಯೂ ಅಲ್ಲದವಳನ್ನ ಮಾಡಿ ನಾ. ನನ್ನ ಪ್ರಾಜೆಕ್ಟ್ ಒಬ್ಬಳು ಆಸ್ಟ್ರೇಲಿಯನ್ ಲೇಡಿ ಮೇಲೆ. ಆಗ್ನೆಸ್ ಟಿಬ್ಬಲ್ ಅಂತ. ನೂರು ವರ್ಷ ಹಿಂದೆ ಇದ್ಲು. ಮ್ಯೂಸಿಕ್ ಕೂಡ ಮಾಡ್ತಿದ್ಲು, ಬುಕ್ಸ್ ಕೂಡ ಬರೀತಿದ್ಲು. ಬಹುತ್ ಮಸ್ತ್ ಲೈಫ್!"

"ತಬಲಾ?" ಎಂದ ಪರಪ್ಪ.

"ಟಿಬ್ಬಲ್ ಅಂಕಲ್, ಟಿಬ್ಬಲ್. ಆಗ್ನೆಸ್."

"ಅಗ್ಸೆ...?"

"ಅಗಸಿ" ಎಂದು ಮೂಲೆಯಿಂದ ಮಲ್ಲವ್ವ ತೀರ್ಮಾನ ಕೊಟ್ಟಳು. ಅಗಸಿಬಾಯಿ ಎಂದು ಅಂದೇ ಹೆಸರಾಯಿತು. ಆಸ್ಟ್ರೇಲಿಯಾದವಳ ಮೇಲೆ ಮೈಸೂರಿಗೂ ಸಿಟ್ಟಿರಲಿಲ್ಲ, ಧಾರವಾಡಕ್ಕೂ ಇರಲಿಲ್ಲ. ಸಭೆ ಒಮ್ಮತದಿಂದ ಚಹಾ ಕುಡಿಯಿತು.

ನಾಟಕ ಬರೆಯುವವರು ಸರಸ್ವತಿಯವರ ಯಜಮಾನರು, ಸೀತಾರಾಮ ರಾಯರು. ಕಚೇರಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಇಂಗ್ಲಿಷಿನಲ್ಲೇ ಸಹಿ ಮಾಡಿದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ನಿವೃತ್ತಿಯ ನಂತರ ಅಪ್ಪಟ ಕನ್ನಡಕ್ಕೆ ಬಿದ್ದಿದ್ದರು. ಸಂಘದ ವೇದಿಕೆಯ ಮೇಲೆ ಒಂದೇ ಒಂದು ಇಂಗ್ಲಿಷ್ ಪದವೂ ಬರಕೂಡದೆಂಬ ನಿಯಮ ತಂದವರು ಅವರೇ. ವೇದಿಕೆಯ ಕೆಳಗೆ ಎಲ್ಲರೂ 'ಬಿಲ್ಡಿಂಗ್', 'ಲಿಫ್ಟ್', 'ಚಲ್ತಾ ಹೈ' ಎಂದುಕೊಂಡೇ ಇರುತ್ತಿದ್ದರು. ಮೂರು ಮೆಟ್ಟಿಲು ಹತ್ತಿದೊಡನೆ 'ಬಹುಮಹಡಿ ಕಟ್ಟಡ', 'ಏರುಯಂತ್ರ' ಆಗಬೇಕಿತ್ತು.

ಆ ತಿಂಗಳು ರಾಯರ ಎರಡೂ ಕಣ್ಣಿಗೆ ಪೊರೆಯ ಆಪರೇಶನ್ ಆಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು, ಓದಕೂಡದೆಂದು ಡಾಕ್ಟರು ಹೇಳಿದ್ದರಿಂದ ಸೋಫಾದ ಮೇಲೆ ಮಹಾರಾಜನಂತೆ ಕೂತಿರುತ್ತಿದ್ದರು. ಧಾತ್ರಿ ಆಗ್ನೆಸಳ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಓದಿ ಹೇಳುತ್ತೇನೆಂದಳು. ರಾಯರು ಒಪ್ಪಲಿಲ್ಲ. "ಕನ್ನಡ ನಾಟಕಕ್ಕೆ ಕನ್ನಡದಲ್ಲೇ ಕೇಳಬೇಕು." ಧಾತ್ರಿಗೆ ಕನ್ನಡ ಓದಲು ಬಾರದು. ಪರೀಕ್ಷೆ ಬೇರೆ ತಲೆಯ ಮೇಲಿತ್ತು. ಅವಳು ಏನು ಮಾಡಿದಳು, ಇಡೀ ಚರಿತ್ರೆಯನ್ನು ಫೋನಿಗೆ ಕೊಟ್ಟು ಕನ್ನಡಕ್ಕೆ ತಿರುಗಿಸು ಎಂದಳು. ಫೋನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತಿರುಗಿಸಿತು. ಅದನ್ನು ಹಾಗೆಯೇ ಅಜ್ಜನಿಗೆ ಕಳಿಸಿ, ಪುಸ್ತಕದೊಳಗೆ ತಲೆ ಹಾಕಿಕೊಂಡಳು.

ಸಂಜೆ ರಾಯರ ಮನೆಯಲ್ಲಿ ಎಲ್ಲರೂ ಸೇರಿದರು. ಮಲ್ಲವ್ವನೂ ಬಂದಿದ್ದಳು, ಚಹಾ ಮಾಡಿಕೊಡಲು. ಫೋನನ್ನು ಸ್ಟೀಲಿನ ಲೋಟದಲ್ಲಿ ನಿಲ್ಲಿಸಿದರು. ಅದರೊಳಗಿನ ಹೆಂಗಸು ಒಂದೇ ಸಮನೆ, ರೈಲಿನ ಅನೌನ್ಸ್‌ಮೆಂಟಿನ ಧ್ವನಿಯಲ್ಲಿ ಓದತೊಡಗಿದಳು:

"ಆಗ್ನೆಸ್ ಒಂದು ಕುರಿ ನಿಲ್ದಾಣದಲ್ಲಿ ಜನಿಸಿದಳು. ಅವಳ ತಂದೆ ನಿಲ್ದಾಣವನ್ನು ನಡೆಸುತ್ತಿದ್ದನು."

"ಸ್ಟೇಷನ್ ಮಾಸ್ತರನ ಮಗಳು" ಎಂದರು ರಾಯರು, ಮೆಚ್ಚಿ.

"ಕುರಿಗೂ ಸ್ಟೇಷನ್ ಐತೇನ್ರಿ ಅಲ್ಲಿ?" ಎಂದಳು ಮಲ್ಲವ್ವ.

"ಮತ್ತ ನಾವು ಕುರ್ಲಾ ಸ್ಟೇಷನ್ನಾಗ ಹೆಂಗ ಹೋಗ್ತೀವಿ? ಹಂಗ ಅವೂ ಹೊಕ್ಕಾವು" ಎಂದ ಪರಪ್ಪ. ಅದು ಎಲ್ಲರಿಗೂ ಸರಿ ಎನಿಸಿತು.

"ಅವಳು ದಿನವೂ ಬೆಳಗ್ಗೆ ತನ್ನ ತಕ್ಕಡಿಗಳನ್ನು ಅಭ್ಯಾಸ ಮಾಡುತ್ತಿದ್ದಳು" ಎಂದಿತು ಫೋನು.

"ಪಾಪ, ಬಡತನ. ತಾಯಿಯ ಕಿರಾಣಿ ಅಂಗಡಿ ಇದ್ದಿರಬೇಕು" ಎಂದರು ಸರಸ್ವತಿ.

"ಅವಳು ಯಾವ ಗುರುವೂ ಇಲ್ಲದೆ ಕಿವಿಯಿಂದ ನುಡಿಸುತ್ತಿದ್ದಳು."

ಪರಪ್ಪ ತನ್ನ ಕಿವಿ ಮುಟ್ಟಿ ನೋಡಿಕೊಂಡ. "ಯಾವ ಕಿವಿಲೆ ಅಂತ ಹೇಳೈತೇನು?" ಎಂದ.

"ಹಠಯೋಗ" ಎಂದರು ರಾಯರು. "ಆ ಕಾಲದವರ ಸಾಧನೆಯೇ ಬೇರೆ."

ಫೋನು ಮುಂದುವರಿಯಿತು. ಆಗ್ನೆಸಳನ್ನು ನಗರದ ದೊಡ್ಡ ಸಭಾಂಗಣಗಳವರು ಸೇರಿಸಲಿಲ್ಲ. ಅವಳು ಕುದುರೆಗಾಡಿ ಕಟ್ಟಿಕೊಂಡು ಬಯಲು ಸೀಮೆಯ ಊರೂರು ತಿರುಗಿದಳು. ಉಣ್ಣೆ ತುಂಬುವ ಕೊಟ್ಟಿಗೆಗಳಲ್ಲಿ ನುಡಿಸಿದಳು. ನೋಡಿದ್ದನ್ನೆಲ್ಲ ಪತ್ರಿಕೆಗಳಿಗೆ ಬರೆದಳು. 'ನನ್ನ ಅತ್ಯುತ್ತಮ ಶ್ರೋತೃಗಳು ಕುರಿಗಳು, ಅವು ಕೆಮ್ಮುವುದಿಲ್ಲ' ಎಂದು ಬರೆದಿದ್ದಳಂತೆ. ಮಲ್ಲವ್ವ ಚಹಾದ ಟ್ರೇ ಹಿಡಿದುಕೊಂಡೇ ನಿಂತಳು. ಕೊಟ್ಟಿಗೆಯಲ್ಲಿ ಹಾಡುವವಳು. ಸಭಾಂಗಣದವರು ಸೇರಿಸದವಳು. ಎಲ್ಲಿಯ ಆಸ್ಟ್ರೇಲಿಯಾ, ಎಲ್ಲಿಯ ಹೆಂಗಸು! ಅವಳಿಗೆ ಅಗಸಿಬಾಯಿ ಒಮ್ಮೆಲೇ ತವರಿನವಳಂತೆ ಕಂಡಳು.

"ತನ್ನ ಮಡಚಬಹುದಾದ ಅಂಗವನ್ನು ಅವಳು ಗಾಡಿಯಲ್ಲಿ ಸಾಗಿಸುತ್ತಿದ್ದಳು" ಎಂದಿತು ಫೋನು. "ತನ್ನ ಬಾಳಿನ ಸಂಜೆಯಲ್ಲಿ ಆ ಅಂಗವನ್ನು ಅವಳು ಒಂದು ಸಣ್ಣ ಚರ್ಚಿಗೆ ದಾನ ಮಾಡಿದಳು."

ರಾಯರು ಸೋಫಾದಿಂದ ಎದ್ದೇಬಿಟ್ಟರು. "ಅಂಗದಾನ! ಕೇಳಿದಿರಾ? ಆ ಕಾಲದಲ್ಲಿ ಅಂಗದಾನ! ಇಂಥ ಮಹಾತಾಯಿಯ ಬಗ್ಗೆ ನಮಗೆ ಯಾರೂ ಹೇಳಲೇ ಇಲ್ಲವಲ್ಲ!"

ಯಾವ ಅಂಗ ಎಂಬ ಬಗ್ಗೆ ಚರ್ಚೆಯಾಯಿತು. ರಾಯರು ಕಣ್ಣು ಎಂದರು. ಅವರಿಗೆ ಆಗ ಲೋಕವೆಲ್ಲ ಕಣ್ಣೇ ಆಗಿತ್ತು. ಸರಸ್ವತಿ, ಹೃದಯವೇ ಕಾವ್ಯಮಯ ಎಂದರು.

"ಮಡಚೋ ಅಂಗ ಅಂತ ಅಂದ್ಲಲ್ರಿ ಈಕಿ" ಎಂದು ಪರಪ್ಪ ಫೋನಿನತ್ತ ಬೆರಳು ತೋರಿಸಿದ. "ಮಡಚೋದು ಅಂದ್ರ ಮೊಣಕಾಲು."

"ಮೊಣಕಾಲು ಕೊಟ್ಟಿದ್ರ ಪುಣ್ಯಾತ್ಗಿತ್ತಿ ಬಿಡ್ರಿ" ಎಂದಳು ಮಲ್ಲವ್ವ, ತನ್ನದನ್ನು ತಿಕ್ಕಿಕೊಳ್ಳುತ್ತ. "ನನಗ ಯಾರರ ಒಂದು ಕೊಟ್ರ ಇವತ್ತ ಹಾಕಿಸ್ಕೊಂಡ ಬರ್ತೀನಿ."

"ನಾಟಕದಲ್ಲಿ ಮೊಣಕಾಲು ತೆಗೆಯೋದಕ್ಕಾಗುತ್ತೇನ್ರಿ? ಹೃದಯ" ಎಂದು ಸರಸ್ವತಿ ತೀರ್ಪು ಕೊಟ್ಟರು. ಫೋನು ಇನ್ನೊಂದು ವಾಕ್ಯ ಓದಿತು: ದಾನ ಮಾಡಿದ ಮೇಲೆ ಆಗ್ನೆಸ್ ಎಷ್ಟೋ ವರ್ಷ ಪ್ರತಿ ಭಾನುವಾರ ತನ್ನ ಅಂಗವನ್ನು ಕೇಳಲು ಚರ್ಚಿಗೆ ನಡೆದು ಹೋಗುತ್ತಿದ್ದಳು ಎಂದು.

"ಹೃದಯ ಕೊಟ್ಟ ಮ್ಯಾಲ ನಡಕೊಂತ ಹೆಂಗ ಹೋದ್ಲರಿ?" ಎಂದಳು ಮಲ್ಲವ್ವ.

"ಆತ್ಮ" ಎಂದರು ರಾಯರು, ಕಪ್ಪು ಕನ್ನಡಕ ಸರಿಪಡಿಸಿಕೊಂಡು. "ಅದು ಸಾಂಕೇತಿಕ."

ಇನ್ನು ಪಾತ್ರ ಯಾರು ಮಾಡಬೇಕು? ಮೂರ್ನಾಲ್ಕು ಹೆಂಗಸರು ಮುಂದೆ ಬಂದರು. ಅವರೆಲ್ಲರ ಕನ್ನಡ ಚೊಕ್ಕವಾಗಿತ್ತು, ಅದೇ ತೊಂದರೆಯಾಯಿತು. "ವಿದೇಶಿ ಹೆಂಗಸು ಇಷ್ಟು ಶುದ್ಧವಾಗಿ ಮಾತಾಡಿದರೆ ನಂಬಿಕೆ ಬರೋಲ್ಲ" ಎಂದರು ರಾಯರು. "ಕನ್ನಡವೇ, ಆದರೆ ಕನ್ನಡದ ಹಾಗೆ ಕೇಳಿಸಬಾರದು."

ಸರಸ್ವತಿಯವರ ಕಣ್ಣು ನಿಧಾನವಾಗಿ ಚಹಾದ ಟ್ರೇ ಕಡೆಗೆ ಹೊರಳಿತು. "ಮಲ್ಲವ್ವ?"

ಬೇರೆ ಯಾರಾದರೂ ಆಗಿದ್ದರೆ ಅವಮಾನ ಎಂದುಕೊಳ್ಳುತ್ತಿದ್ದರು. ಮಲ್ಲವ್ವ ಟ್ರೇ ಕೆಳಗಿಟ್ಟಳು. "ಹಾಡ ಐತೇನ್ರಿ?" ಎಂದಳು.

"ಸಂಗೀತಗಾರ್ತಿ ಅಂದಮೇಲೆ ಹಾಡು ಇರದೆ ಇರುತ್ತಾ? ಒಂದು ಇಟ್ಟರಾಯ್ತು."

ಆ ದಿನ ಮಲ್ಲವ್ವ ಮನೆಗೆ ನಡೆದಳೋ ತೇಲಿದಳೋ ಅವಳಿಗೇ ತಿಳಿಯಲಿಲ್ಲ. ಲಿಫ್ಟು ಕೆಟ್ಟಿತ್ತು. ಮೊಣಕಾಲು ಒಂದು ಮಾತೂ ಆಡದೆ ಐದನೆಯ ಮಹಡಿ ಹತ್ತಿತು.

ತಾಲೀಮು ಶುರುವಾಯಿತು. ವೇದಿಕೆಯ ಎಡಗಡೆ 'ಕುರಿ ನಿಲ್ದಾಣ' ಎಂದು ಹಳದಿ ಬೋರ್ಡು ನೆಟ್ಟರು. ಬಲಗಡೆ ಕಿರಾಣಿ ಅಂಗಡಿಯವನಿಂದ ಎರವಲು ತಂದ ತಕ್ಕಡಿ. ಮಲ್ಲವ್ವ ಮೊದಲು ತಕ್ಕಡಿಯಲ್ಲಿ ಕಡಲೆಬೇಳೆ ತೂಗಬೇಕು, ಆಮೇಲೆ ಪೇಟಿ ನುಡಿಸಬೇಕು, ಕಿವಿಯಿಂದ. ಪರಪ್ಪ ತಿದಿ ಒತ್ತುತ್ತಿದ್ದ. ಮಲ್ಲವ್ವ ಎಡಗಿವಿಯನ್ನು ಪೇಟಿಯ ಕಪ್ಪು-ಬಿಳಿ ಮನೆಗಳ ಮೇಲಿಟ್ಟು ತಲೆಯನ್ನು ಅತ್ತಿತ್ತ ಉರುಳಿಸುತ್ತಿದ್ದಳು. ಪೇಟಿಯಿಂದ ಎಮ್ಮೆ ಹೆರುವ ಹಾಗೆ ಸದ್ದು ಬರುತ್ತಿತ್ತು.

"ಅಕ್ಕ, ಕಿವಿಯಾಗಿನ ಬೆಂಡ್ವಾಲಿ ತಗಿ. ಮನಿ ನಡುವ ಸಿಗಬೀಳಾಕತ್ತೈತಿ."

"ಪರ್ಯಾ, ಬಾಯಿ ಮುಚ್ಚಿ ತಿದಿ ಒತ್ತು. ಆಕಿ ಹೆಂಗ ಮಾಡ್ತಿದ್ಲೋ ಏನೋ, ನನ್ನ ಕುತ್ತಿಗಿ ಹಿಡದೈತಿ."

"ಅದಕ್ಕ ಆಕಿನ್ನ ದೊಡ್ಡ ಹಾಲಿನ್ಯಾಗ ಸೇರಿಸಿಲ್ಲ ನೋಡು" ಎಂದ ಪರಪ್ಪ.

ಆದರೂ ಮಲ್ಲವ್ವ ಸಹಿಸಿಕೊಂಡಳು. ಹಾಡು ಇತ್ತಲ್ಲ. ಅವ್ವನ ಪದವನ್ನು ಪ್ರತಿ ದಿನ ಪಾತ್ರೆ ತೊಳೆಯುವಾಗ ಮೆಲ್ಲಗೆ ಅಂದುಕೊಳ್ಳುತ್ತಿದ್ದಳು, ಹೊಸ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ಇಡುವವರ ಹಾಗೆ.

ಅಷ್ಟರಲ್ಲಿ ಸರಸ್ವತಿಯವರು ದೊಡ್ಡ ಸುದ್ದಿ ತಂದರು. ಪರೇಲಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಅಂಗದಾನದ ಪ್ರಚಾರ ಮಾಡುವ ಡಾಕ್ಟರ್ ಅಮೋಲ್ ಮುಖ್ಯ ಅತಿಥಿಯಾಗಿ ಬರಲು ಒಪ್ಪಿದ್ದರು. ಅಂಗದಾನದ ಮೇಲೆ ಕನ್ನಡ ನಾಟಕ ಎಂದು ಕೇಳಿ ಅವರಿಗೆ ಬಹಳ ಸಂತೋಷವಾಗಿತ್ತಂತೆ. ಅತಿಥಿ ಇಷ್ಟು ದೊಡ್ಡವರಾದ ಮೇಲೆ ನಾಟಕವೂ ದೊಡ್ಡದಾಗಬೇಡವೆ? ರಾಯರು ಹೇಳಿ ಬರೆಸಿ ದಾನದ ದೃಶ್ಯವನ್ನು ಹಿಗ್ಗಿಸಿದರು. ಆಸ್ಪತ್ರೆಯ ಮಂಚ ಬಂತು. ಬಿಳಿ ಕೋಟು ಬಂತು, ಅದನ್ನು ರಾಯರೇ ಹಾಕಿಕೊಳ್ಳುವವರು. ದೊಡ್ಡ ಭಾಷಣ ಬಂತು. ಮೊದಲ ದೃಶ್ಯದ ಕೊನೆಯಲ್ಲೇ ಅಗಸಿಬಾಯಿ ತೀರಿಕೊಳ್ಳುವುದು, ಉಳಿದ ನಾಟಕವೆಲ್ಲ ಅವಳು ಬಿಳಿ ಬಟ್ಟೆ ಹೊದ್ದು ಮಲಗಿರುವುದು ಎಂದಾಯಿತು.

ಮಲ್ಲವ್ವ ಕೇಳಿದಳು: "ಮತ್ತ ನನ್ನ ಹಾಡು?"

"ಅದು ಮೂರನೆಯ ದೃಶ್ಯದಲ್ಲಿತ್ತಲ್ಲ. ಈಗ ಅಷ್ಟು ಹೊತ್ತಿಗೆ ನೀವು ಸತ್ತಿರ್ತೀರಿ" ಎಂದರು ಸರಸ್ವತಿ.

"ಸಾಯೋಕಿಂತ ಮೊದಲ ಹಾಡ್ತೀನ್ರಿ."

"ಆಗ ತಕ್ಕಡಿ ಇದೆ, ಕಿವಿ ಇದೆ. ಸಮಯ ಎಲ್ಲಿದೆ?"

"ಕಡ್ಲಿಬ್ಯಾಳಿ ಬಿಟ್ಟ ಬಿಡ್ರಿ."

"ಅದು ಅವಳ ಬಾಲ್ಯ ಮಲ್ಲವ್ವ! ಬಾಲ್ಯ ಬಿಡೋಕಾಗುತ್ತಾ? ಹಾಡು ಮುಂದಿನ ವರ್ಷ ನೋಡೋಣ."

ಮಲ್ಲವ್ವನಿಗೆ ಜಗಳ ಮಾಡಿ ಗೊತ್ತಿರಲಿಲ್ಲ. ಮನೆಗೆ ಬಂದು ಪಾತ್ರೆಗಳನ್ನು ಸದ್ದಿಲ್ಲದೆ ತೊಳೆದಳು. ಪರಪ್ಪ ಅಕ್ಕನ ಮುಖ ನೋಡಿದ. "ಪಾತ್ರ ಬಿಡ್ತಾಳ ಅಂತ ಹೇಳಿ ಬರ್ಲೇನು?" ಎಂದ. "ಬಿಟ್ರ ಮತ್ತ ಹಗ್ಗಾನ ಹಿಡೀಬೇಕು. ಮಲಗಾಕರ ದೀಪದ ಬೆಳಕಿನ್ಯಾಗ ಮಲಗ್ತೀನಿ" ಎಂದಳು ಅವಳು. ಹಾಗೆಂದರೂ, ಈ ವಯಸ್ಸಿನಲ್ಲಿ ಇನ್ನು ಎಷ್ಟು ಮುಂದಿನ ವರ್ಷಗಳು ಬಂದಾವು ಎಂದು ಲೆಕ್ಕ ಹಾಕುತ್ತ ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಇದೇ ಕೊನೆಯ ಅವಕಾಶ, ಇದರಲ್ಲೂ ಬಾಯಿ ಮುಚ್ಚಿಕೊಂಡೇ ಇರಬೇಕು.

ನವೆಂಬರಿನ ಮೊದಲ ಭಾನುವಾರ ರಾಜ್ಯೋತ್ಸವಕ್ಕೆ ಹಾಲು ತುಂಬಿತು. ಕಾಂದಿವಲಿಯ ಕನ್ನಡ ಸಂಘದವರೂ ಬಂದಿದ್ದರು, ತಪ್ಪು ಹುಡುಕಲು. ಡಾಕ್ಟರ್ ಅಮೋಲ್ ಮುಂದಿನ ಸಾಲಿನಲ್ಲಿ ಕೂತರು: ಬೆಳಗಾವಿಯ ಕಡೆಯವರು, ದುಂಡು ಮುಖ, ತೊಡೆಯ ಮೇಲೆ ಅಂಗದಾನದ ಕರಪತ್ರಗಳ ಗಂಟು.

ಮೊದಲ ದೃಶ್ಯ ಚೆನ್ನಾಗಿಯೇ ಹೋಯಿತು. ಕುರಿಗಳಾದ ಮಕ್ಕಳು 'ಮುಂದಿನ ನಿಲ್ದಾಣ ಹುಲ್ಲುಗಾವಲು' ಎಂದು ಕೂಗಿ ಲೋಕಲ್ ಹತ್ತಿದರು. ಒಂದು ಕುರಿ ಬಾಗಿಲಲ್ಲಿ ನೇತಾಡಿತು. ಮಲ್ಲವ್ವ ಉದ್ದ ಗೌನು, ತಲೆಗೆ ಹ್ಯಾಟು, ಕೆಳಗೆ ತನ್ನ ಕೊಲ್ಲಾಪುರಿ ಚಪ್ಪಲಿ ಹಾಕಿಕೊಂಡು ಬೇಳೆ ತೂಗಿದಳು. ಅವಳು ಪೇಟಿಗೆ ಕಿವಿ ಇಟ್ಟಾಗ ಡಾಕ್ಟರರು ಮುಂದಕ್ಕೆ ಬಾಗಿ, ಇದು ಯಾವ ಕಾಯಿಲೆ ಎಂಬಂತೆ ನೋಡಿದರು. ಆಮೇಲೆ ಅಗಸಿಬಾಯಿ ಎದೆ ಹಿಡಿದುಕೊಂಡು ಸತ್ತಳು. ಪರದೆ ಬಿತ್ತು. ಆ ದಿನ ಪರದೆ ಎಳೆಯುವವರು ಬೇರೆ ಯಾರೋ ಇದ್ದರು. ಅದು ಮೂರು ಕಂತಿನಲ್ಲಿ ಮುಚ್ಚಿಕೊಂಡಿತು.

ಪರದೆಯ ಹಿಂದೆ ಮಲ್ಲವ್ವನನ್ನು ಮಂಚದ ಮೇಲೆ ಮಲಗಿಸಿ ಬಿಳಿ ಬಟ್ಟೆ ಹೊದಿಸಿದರು. ಅಷ್ಟು ಹೊತ್ತಿಗೆ ಧಾತ್ರಿ ಬಂದಳು. ಪುಣೆಯ ಬಸ್ಸು ಘಾಟಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿತ್ತು. ಬ್ಯಾಗು ಬೆನ್ನಿನಿಂದ ಇಳಿಸದೆ ವೇದಿಕೆಯನ್ನೆಲ್ಲ ಒಮ್ಮೆ ನೋಡಿದಳು. ಹಳದಿ ಬೋರ್ಡು. ತಕ್ಕಡಿ. ಸಲೈನ್ ಬಾಟಲಿ. ಆ ತುದಿಯಲ್ಲಿ ತನ್ನಷ್ಟಕ್ಕೆ ಭಾಷಣ ಒಪ್ಪಿಸುತ್ತಿದ್ದ ಬಿಳಿ ಕೋಟಿನ ಅಜ್ಜ.

"ಅಜ್ಜಿ, ಇದು ಯಾವ ನಾಟಕ?"

"ನಿನ್ನ ಆಗ್ನೆಸಳದ್ದೇ ಕಣೆ. ಸುಮ್ನಿರು, ಅಂಗದಾನದ ದೃಶ್ಯ ಬರ್ತಿದೆ."

"ಅಂಗ್... ಕ್ಯಾ?"

ಸರಸ್ವತಿಯವರು ಎದೆ ಮುಟ್ಟಿ ತೋರಿಸಿ, ಆಮೇಲೆ ಕತ್ತರಿಸುವ ಸನ್ನೆ ಮಾಡಿದರು. ಧಾತ್ರಿ ಬಾಯಿಗೆ ಎರಡೂ ಕೈ ಅಡ್ಡ ಹಿಡಿದುಕೊಂಡು ಮಂಚದ ಪಕ್ಕ ಕುಸಿದು ಕೂತಳು. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಬಟ್ಟೆಯ ಕೆಳಗಿನ ಮಲ್ಲವ್ವನಿಗೆ ತಿಳಿಯಲಿಲ್ಲ. ಮಂಚ ಅಲುಗಿದ್ದು ಮಾತ್ರ ತಿಳಿಯಿತು.

"ಅಜ್ಜಿ, ಆರ್ಗನ್! ಮ್ಯೂಸಿಕ್ ಆರ್ಗನ್! ಕಾಲಿನಿಂದ ಒತ್ತೋ ದೊಡ್ಡ ಹಾರ್ಮೋನಿಯಂ ಇರುತ್ತಲ್ಲ, ಅದು! ಮಡಚಿ ಗಾಡೀಲಿ ಇಟ್ಕೊಂಡು ಹೋಗ್ತಿದ್ಲು. ಅದನ್ನ ಚರ್ಚ್‌ಗೆ ಕೊಟ್ಲು. ಹಾರ್ಟ್ ಅಲ್ಲ, ಕಿಡ್ನಿ ಅಲ್ಲ! ಸ್ಟೇಷನ್ ಅಂದ್ರೆ ಕುರಿ ಸಾಕೋ ಫಾರ್ಮ್. ಸ್ಕೇಲ್ಸ್ ಅಂದ್ರೆ ಸರಿಗಮ ನಾ! ಬೈ ಇಯರ್ ಅಂದ್ರೆ ಕೇಳಿ ಕೇಳಿ ಕಲಿತದ್ದು. ನಂಬಿದ್ರಾ ನೀವೆಲ್ಲ? ಕಿವಿಯಿಂದ ಯಾರು ಬಜಾಯಿಸ್ತಾರೆ ಯಾರ್!"

ಸರಸ್ವತಿಯವರ ಮುಖ ಬಿಳಿಚಿತು. ಪರದೆಯ ಸಂದಿಯಿಂದ ಮುಂದಿನ ಸಾಲಿನ ಡಾಕ್ಟರರನ್ನು, ಕರಪತ್ರದ ಗಂಟನ್ನು, ಅದರ ಹಿಂದೆ ಕೂತ ಕಾಂದಿವಲಿಯವರನ್ನು ನೋಡಿದರು. "ಈಗ ಏನೂ ಮಾಡೋಕಾಗೋಲ್ಲ. ಹೀಗೇ ಮುಗಿಸಿಬಿಡೋಣ. ಅಜ್ಜನಿಗೆ ಹೇಳಬೇಡ, ಭಾಷಣ ಮರೆತುಬಿಡ್ತಾರೆ. ಮೆಲ್ಲಗೆ ಮಾತಾಡು, ಹೆಣ ಕೇಳಿಸ್ಕೊಳ್ಳುತ್ತೆ."

ಹೆಣ ಕೇಳಿಸಿಕೊಂಡಿತ್ತು. ಬಿಳಿ ಬಟ್ಟೆಯ ಕತ್ತಲಲ್ಲಿ ಮಲ್ಲವ್ವನಿಗೆ ಮೊದಲು ಕುತ್ತಿಗೆಯ ನೋವು ನೆನಪಾಯಿತು, ಸುಮ್ಮನೆ ಉರುಳಿಸಿದ್ದು. ಆಮೇಲೆ ಅಗಸಿಬಾಯಿ ಕಣ್ಣಿಗೆ ಕಟ್ಟಿದಳು. ಮುದುಕಿಯಾಗಿ, ಭಾನುವಾರ ಬೆಳಗ್ಗೆ, ಯಾರೋ ನುಡಿಸುವ ತನ್ನ ಪೇಟಿ ಕೇಳಲು ನಡೆದು ಹೋಗುತ್ತಿರುವವಳು. ಅಂದರೆ ಅವಳು ಸತ್ತಿರಲಿಲ್ಲ. ಆತ್ಮವೂ ಅಲ್ಲ, ಸಂಕೇತವೂ ಅಲ್ಲ, ಕಾಲಿನಲ್ಲೇ ನಡೆದು ಹೋಗುತ್ತಿದ್ದಳು. ಸಾಯದವಳನ್ನು ಸಾಯಿಸಿ, ತನ್ನ ಬಾಯಿಯನ್ನೂ ಮುಚ್ಚಿಸಿದ್ದರು.

ಪರದೆ ಸರಿಯಿತು. ರಾಯರು ಕಪ್ಪು ಕನ್ನಡಕ, ಬಿಳಿ ಕೋಟು ಹಾಕಿಕೊಂಡು ಮಂಚವನ್ನು ತಡವುತ್ತ ಬಂದರು. "ಮಹಾಜನಗಳೇ! ಈಕೆ ಇನ್ನಿಲ್ಲ! ಆದರೆ ಈಕೆ ಕೊಟ್ಟದ್ದು ಇದೆ! ಏನದು? ಏನದು ಈಕೆ ಕೊಟ್ಟ ಅಮೂಲ್ಯವಾದ ಅಂಗ?"

"ಪೇಟಿ!" ಎಂದಿತು ಹೆಣ.

ರಾಯರು ಮಂಚದತ್ತ ಕಿವಿ ತಿರುಗಿಸಿದರು. "ಯಾರದು?"

ಮಲ್ಲವ್ವ ಬಟ್ಟೆ ಸರಿಸಿ ಎದ್ದು ಕೂತಳು. ಹ್ಯಾಟು ಇನ್ನೂ ತಲೆಯ ಮೇಲೆ ಇತ್ತು. ಮುಂದಿನ ಸಾಲಿನ ಕೂಸೊಂದು ಕಿಟಾರನೆ ಕಿರುಚಿತು. "ನಾನರಿ, ಅಗಸಿಬಾಯಿ. ನಾ ಸತ್ತಿಲ್ಲರಿ ಯಪ್ಪಾ! ನಾ ಕೊಟ್ಟದ್ದು ಎದಿ ಅಲ್ಲ, ಕಿಡ್ನಿ ಅಲ್ಲ, ಮೊಣಕಾಲೂ ಅಲ್ಲ. ನನ್ನ ಪೇಟಿ ಕೊಟ್ಟೀನಿ! ಕಾಲಿಲೆ ಒತ್ತೂ ಪೇಟಿ! ಫೋನಿನ್ಯಾಗಿನ ಆ ಹೆಂಗಸು ತಪ್ಪ ಹೇಳ್ಯಾಳ!"

ಮುಂದಿನ ಸಾಲಿನಿಂದ ಡಾಕ್ಟರ್ ಅಮೋಲರ ಧ್ವನಿ: "ಪೇಟಿ? ಆರ್ಗನ್?... ಅಯ್ಯೋ ದೇವರ!" ಅವರು ನಗತೊಡಗಿದರು. ದಪ್ಪ ಮನುಷ್ಯ, ಅವರು ನಕ್ಕರೆ ಕುರ್ಚಿಗಳ ಸಾಲೇ ನಗುತ್ತಿತ್ತು. ನಗು ಹಿಂದಕ್ಕೆ ಹೋಯಿತು, ಕಾಂದಿವಲಿಯವರಿಗೂ ತಗುಲಿತು.

ನಗುವಿನ ನಡುವೆ ಮಲ್ಲವ್ವ ಮಂಚದಿಂದ ಇಳಿದಳು. ಗೌನು ಕಾಲಿಗೆ ಸಿಕ್ಕಿತು, ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ದೀಪದ ಬೆಳಕಿಗೆ ಬಂದು ನಿಂತು, "ಪರ್ಯಾ, ಕಪ್ಪು ಎರಡು" ಎಂದು ಶ್ರುತಿಯ ಮನೆ ಹೇಳಿದಳು. ಪರಪ್ಪನಿಗೆ ಅಷ್ಟೇ ಸಾಕಾಗಿತ್ತು. ಅವನು ಸುರ ಹಿಡಿದ. ಈ ಸಲ ಬೆರಳಿನಿಂದ.

*ಬೀಸುವ ಕಲ್ಲವ್ವ, ಬಿಡದಂಗ ತಿರುಗವ್ವ*
*ರಾಶಿ ಜ್ವಾಳೆಲ್ಲ ನಿನಪಾಲು – ಎದಿಯಾಗ*
*ಕೂಸಿನಂಥ ರಾಗ ನನಪಾಲು.*

ದನಿ ಮೊದಲು ಸ್ವಲ್ಪ ತುಕ್ಕು ಹಿಡಿದಂತೆ ಬಂತು. ಎರಡನೆಯ ಸಾಲಿಗೆ ತಿಳಿಯಾಯಿತು. ಮೂರನೆಯದಕ್ಕೆ ಹಾಲಿನ ಹಿಂದಿನ ಗೋಡೆಗೆ ಮುಟ್ಟಿ ತಿರುಗಿ ಬಂತು. ನಗುತ್ತಿದ್ದವರು ಯಾವಾಗ ನಿಲ್ಲಿಸಿದರೋ ಅವರಿಗೇ ತಿಳಿಯಲಿಲ್ಲ. ರಾಯರು ಕೋಟಿನಲ್ಲೇ ಮಂಚದ ಮೇಲೆ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಮಲ್ಲವ್ವ ಪದವನ್ನು ಕೊನೆಯವರೆಗೂ ಹಾಡಿದಳು, ಅವ್ವ ನಿಲ್ಲಿಸುತ್ತಿದ್ದಲ್ಲೇ ನಿಲ್ಲಿಸಿದಳು. ಯಾರೂ ಕೆಮ್ಮಲಿಲ್ಲ.

ಡಾಕ್ಟರರು ಭಾಷಣಕ್ಕೆ ವೇದಿಕೆ ಹತ್ತಿ ಮೈಕು ಹಿಡಿದರು. "ನಾ ಭಾಳ ಕಾರ್ಯಕ್ರಮಕ್ಕ ಹೋಗೀನ್ರಿ. ಹೆಣ ಎದ್ದು ಹಾಡಿದ್ದು ಇದ ಮೊದಲು. ಇಂಥ ಪೇಶಂಟ್ ಬಂದ್ರ ನಮ್ಮ ಡಿಪಾರ್ಟ್‌ಮೆಂಟ್ ಬಾಗಲ ಹಾಕೂದ!" ಸಂಘದ ವೇದಿಕೆಯ ಮೇಲೆ ಇನ್ನೂ ಎರಡು ಇಂಗ್ಲಿಷ್ ಪದ ಬಿದ್ದವು. ರಾಯರೇ ಮೊದಲು ಚಪ್ಪಾಳೆ ತಟ್ಟಿದರು. "ಬಾಯಾರ, ನೀವು ಪೇಟಿ ಕೊಟ್ರಿ. ಉಳಿದವರು ಈ ಚೀಟಿ ಒಂದೀಟು ಓದ್ರಿ. ಮೊಣಕಾಲು ನಾವು ತಗೊಳ್ಳೂದಿಲ್ಲ, ಹೆದರಬ್ಯಾಡ್ರಿ." ಕರಪತ್ರದ ಗಂಟು ಬಿಚ್ಚಿತು, ಖಾಲಿಯೂ ಆಯಿತು. ರಾಯರೂ ಒಂದು ತೆಗೆದುಕೊಂಡು, ಹೊಸ ಕಣ್ಣು ಕೊಡಲು ಬರುತ್ತದೆಯೇ ಎಂದು ಕೇಳಿದರು.

ಎಲ್ಲ ಮುಗಿದ ಮೇಲೆ ಸರಸ್ವತಿಯವರು ಮಲ್ಲವ್ವನ ಹತ್ತಿರ ಬಂದರು. ಬೈಯಬೇಕೆಂದೇ ಬಂದದ್ದು. "ಆ ಎರಡನೆಯ ಸಾಲು ಇನ್ನೊಂದು ಸಲ ಅನ್ರಿ" ಎಂದರು. ಮಲ್ಲವ್ವ ಅಂದಳು. "ಜ್ವಾಳೆಲ್ಲ... ಜೋಳವೆಲ್ಲ" ಎಂದು ಸರಸ್ವತಿ ತಮ್ಮಷ್ಟಕ್ಕೆ ತಿದ್ದಿ ನೋಡಿದರು. ತಲೆ ಅಲ್ಲಾಡಿಸಿದರು. "ಇಲ್ಲ. ಜ್ವಾಳೆಲ್ಲ ಅಂತಲೇ ಇರಲಿ."

ಕಾಂದಿವಲಿಯ ಅಧ್ಯಕ್ಷರು ಕಾಯುತ್ತಿದ್ದರು. ತಪ್ಪು ಹುಡುಕಲು ಬಂದವರಿಗೆ ಇಷ್ಟೊಂದು ಸಿಕ್ಕರೆ ಯಾವುದನ್ನೆಂದು ಹೇಳುವುದು? ಅದನ್ನೆಲ್ಲ ಬಿಟ್ಟು, "ನಮ್ಮಲ್ಲಿಗೂ ಬನ್ನಿ ಬಾಯಿ" ಎಂದರು. "ನಾಟಕ ಬೇಡ. ಹಾಡು ಮಾತ್ರ."

"ಮಲಗೂದಿಲ್ಲ ಮತ್ತ" ಎಂದಳು ಮಲ್ಲವ್ವ.

"ಬೇಡ, ಬೇಡ. ಕುರ್ಚಿ ಹಾಕ್ತೀವಿ."

ಧಾತ್ರಿ ಸೋಮವಾರ ಬೆಳಗಿನ ಬಸ್ಸಿಗೆ ಪುಣೆಗೆ ಹೋದಳು. ಮಲ್ಲವ್ವ ಕಾಂದಿವಲಿಗೆ ಹಾಡಲು ಹೊರಟದ್ದು ಅದರ ಮುಂದಿನ ಶನಿವಾರ, ಮಧ್ಯಾಹ್ನ ಊಟ ಮುಗಿಸಿ. ಕುರ್ಲಾದಲ್ಲಿ ಒಂದು ಸಲ, ದಾದರಿನಲ್ಲಿ ಇನ್ನೊಂದು ಸಲ ಗಾಡಿ ಬದಲಿಸಬೇಕಿತ್ತು. ಪರಪ್ಪ ಪೇಟಿ ಹೊತ್ತುಕೊಂಡು, ಗೊಣಗಿಕೊಂಡು, ಹಿಂದೆ ಹಿಂದೆ ಹೋದ.